ಮೆಂಫಿಸ್ ನಗರವನ್ನು ಫಲಕಗಳ ಮೂಲಕ ಓದುವುದು ಹೇಗೆ? ಮಿಸ್ಸಿಸ್ಸಿಪ್ಪಿ ದಂಡೆಯಲ್ಲಿ ಒಂದೂವರೆ ದಿನ

ಅಮೆರಿಕದ ಟೆನ್ನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಆಡಮ್ಸ್ ಅವೆನ್ಯೂ ಮತ್ತು ಬಿ.ಬಿ. ಕಿಂಗ್ ಬುಲೆವಾರ್ಡ್ ಕೂಡುವ ಒಂದು ಮೂಲೆಯಿದೆ. 1861-65ರ ಅಂತರ್ಯುದ್ಧದಲ್ಲಿ ಗುಲಾಮಗಿರಿ ಬಿಡಲೊಲ್ಲದ ದಕ್ಷಿಣದ ರಾಜ್ಯಗಳ ಪರ ಹೋರಾಡಿದ ಸೇನಾನಿ ನಾಥನ್ ಬೆಡ್‌ಫರ್ಡ್ ಫಾರೆಸ್ಟ್‌ನ ಮನೆ ಇದ್ದದ್ದು ಅಲ್ಲಿ. 1955ರಲ್ಲಿ ಆ ಜಾಗದಲ್ಲಿ ಇಟ್ಟ ಫಲಕ, ಆತ ತನ್ನ ವ್ಯಾಪಾರ ವಹಿವಾಟಿನಿಂದ ಶ್ರೀಮಂತನಾದ ಎಂದಷ್ಟೇ ಹೇಳಿತ್ತು. ಯಾವ ವ್ಯಾಪಾರ ಎಂದು ಹೇಳಿರಲಿಲ್ಲ. 2018ರ ಏಪ್ರಿಲ್ 4ರಂದು ಅಲ್ಲೇ ಹತ್ತಿರದಲ್ಲಿ ಇನ್ನೊಂದು ಫಲಕ ನಿಂತಿತು. ಆತ ಮಾರುತ್ತಿದ್ದದ್ದು ಮನುಷ್ಯರನ್ನು, 1854ರಿಂದ 1860ರವರೆಗೆ ಅವನ ಗುಲಾಮರ ಮಂಡಿ ನಡೆದದ್ದು ಇದೇ ನೆಲದಲ್ಲಿ ಎಂದು ಅದು ಬಿಡಿಸಿ ಹೇಳುತ್ತದೆ. ನೆಲ ಒಂದೇ, ಮನುಷ್ಯ ಒಬ್ಬನೇ. ಎರಡು ಬರಹಗಳ ನಡುವೆ 63 ವರ್ಷ.

ಫಲಕ ಓದುವ ವಿದ್ಯೆಯ ಮೊದಲ ಪಾಠ ಇಲ್ಲೇ ಸಿಗುತ್ತದೆ. ಪ್ರತಿ ಫಲಕಕ್ಕೂ ಎರಡು ಇಸವಿ ಇರುತ್ತವೆ: ಘಟನೆ ನಡೆದದ್ದು ಒಂದು, ಫಲಕ ನೆಟ್ಟದ್ದು ಇನ್ನೊಂದು. ಪ್ರವಾಸಿಗರು ಮೊದಲನೆಯದನ್ನು ಓದಿ ಮುಂದೆ ಹೋಗುತ್ತಾರೆ. ಊರಿನ ಚರಿತ್ರೆ ಬೇಕಾದವರು ಎರಡನೆಯದನ್ನು ಮೊದಲು ಹುಡುಕಬೇಕು. ಶಾಸನ ಓದುವವರಿಗೆ ಇದು ಹೊಸದಲ್ಲ. ಬರೆಸಿದವರು ಯಾರು, ಯಾವ ಕಾಲದಲ್ಲಿ ಬರೆಸಿದರು ಎಂದು ತಿಳಿಯದೆ ಶಾಸನದ ಹೊಗಳಿಕೆಯನ್ನು ಯಾರೂ ನಂಬುವುದಿಲ್ಲ. ಎರಕದ ಅಲ್ಯೂಮಿನಿಯಂ ಹಲಗೆಗೂ ಅದೇ ನಿಯಮ.

ಕೆಲಸದ ಮೇಲೆ ಮೆಂಫಿಸ್‌ಗೆ ಹೋದವರು, ಮಕ್ಕಳನ್ನು ನೋಡಲು ಹೋಗಿ ಕೆಲವು ವಾರ ಉಳಿಯುವ ತಂದೆತಾಯಂದಿರು, ದಕ್ಷಿಣ ರಾಜ್ಯಗಳನ್ನು ಕಾರಿನಲ್ಲಿ ಸುತ್ತುವವರು, ಇವರೆಲ್ಲ ಒಂದೂವರೆ ದಿನದಲ್ಲಿ ಮುಗಿಸಬಹುದಾದ ದಾರಿ ಇದು. ಒಂದು ದಿನ ನಡಿಗೆ, ಸುಮಾರು 6 ಕಿ.ಮೀ. ಅರ್ಧ ದಿನ ಕಾರು.

ಹೊರಡುವ ಮೊದಲು

ಊರಿನ ಚೌಕಟ್ಟು ತಲೆಯಲ್ಲಿ ಕೂತರೆ ದಾರಿ ತಪ್ಪುವುದಿಲ್ಲ. ನದಿ ಪಶ್ಚಿಮಕ್ಕಿದೆ, ಆಚೆ ದಡ ಅರ್ಕನ್ಸಾ ರಾಜ್ಯ. ನದಿಯ ಕಡೆಯಿಂದ ಊರೊಳಗೆ ಬಂದರೆ ಬೀದಿಗಳ ಕ್ರಮ ಹೀಗೆ: ಫ್ರಂಟ್, ಮೇನ್, ಸೆಕೆಂಡ್, ಬಿ.ಬಿ. ಕಿಂಗ್, ಫೋರ್ತ್. ಇವು ಉತ್ತರ ದಕ್ಷಿಣವಾಗಿ ಓಡುತ್ತವೆ. ಮ್ಯಾಡಿಸನ್ ಅವೆನ್ಯೂ ಇವನ್ನು ಎರಡು ಭಾಗ ಮಾಡುತ್ತದೆ. ಅದರ ಆಚೆ ನಾರ್ತ್ ಸೆಕೆಂಡ್, ಈಚೆ ಸೌತ್ ಸೆಕೆಂಡ್. ವಿಳಾಸದಲ್ಲಿ ಈ ಒಂದು ಪದ ಬಿಟ್ಟುಹೋದರೆ ಒಂದೆರಡು ಕಿಲೋಮೀಟರ್ ವ್ಯರ್ಥ ನಡಿಗೆ ಗ್ಯಾರಂಟಿ.

ಬದಲಾದ ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಹಳೆಯ ಫಲಕಗಳಲ್ಲಿ ಹಳೆಯ ಹೆಸರೇ ಇರುತ್ತದೆ, ಮೊಬೈಲ್ ನಕ್ಷೆಯಲ್ಲಿ ಹೊಸದು ಮಾತ್ರ. ಥರ್ಡ್ ಸ್ಟ್ರೀಟ್ ಈಗ ಬಿ.ಬಿ. ಕಿಂಗ್ ಬುಲೆವಾರ್ಡ್. ಕಾಲ್ಹೂನ್ ಅವೆನ್ಯೂ ಈಗ ಜಿ.ಇ. ಪ್ಯಾಟರ್‌ಸನ್. ಲಿಂಡೆನ್ ಅವೆನ್ಯೂ ಈಗ ಡಾ. ಎಂ.ಎಲ್. ಕಿಂಗ್ ಜೂನಿಯರ್ ಅವೆನ್ಯೂ. ಉದ್ಯಾನಗಳೂ ಹಾಗೆಯೇ: ಫಾರೆಸ್ಟ್ ಪಾರ್ಕ್ 2013ರಲ್ಲಿ ಹೆಲ್ತ್ ಸೈನ್ಸಸ್ ಪಾರ್ಕ್ ಆಯಿತು, ಕಾನ್ಫೆಡರೇಟ್ ಪಾರ್ಕ್ ಅದೇ ವರ್ಷ ಮೆಂಫಿಸ್ ಪಾರ್ಕ್ ಆಗಿ, ಆಮೇಲೆ ಫೋರ್ತ್ ಬ್ಲಫ್ ಪಾರ್ಕ್ ಆಯಿತು. ಈ ಹೆಸರು ಬದಲಾವಣೆಗಳೇ ಊರಿನ ಜಗಳದ ಅರ್ಧ ಚರಿತ್ರೆ.

ಫಲಕಗಳ ಪಟ್ಟಿ ಬೇಕಾದರೆ 'ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್' ಎಂಬ ಉಚಿತ ಜಾಲತಾಣ ಸಾಕು. ದೇಶದ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಫಲಕಗಳ ಚಿತ್ರ, ಪೂರ್ಣ ಪಠ್ಯ, ನೆಟ್ಟ ಇಸವಿ, ನೆಟ್ಟವರ ಹೆಸರು ಅಲ್ಲಿವೆ. ಮೆಂಫಿಸ್ ಎಂದು ಹುಡುಕಿ ಬೇಕಾದದ್ದನ್ನು ಮೊಬೈಲ್‌ಗೆ ಇಳಿಸಿಕೊಳ್ಳಿ. ಒಂದು ಎಚ್ಚರ: ಫಲಕಗಳು ಜಾಗ ಬದಲಿಸುತ್ತವೆ. ರಸ್ತೆ ಅಗಲವಾದಾಗ, ಕಟ್ಟಡ ಏಳುವಾಗ, ಲಾರಿ ಗುದ್ದಿದಾಗ ಕಂಬ ಕಿತ್ತು ನಾಲ್ಕು ಮಾರು ಆಚೆ ನೆಡುತ್ತಾರೆ. ಪಟ್ಟಿಯಲ್ಲಿರುವ ಸ್ಥಾನವನ್ನು ಸುಳಿವು ಎಂದು ಇಟ್ಟುಕೊಳ್ಳಿ, ಕಂಡದ್ದನ್ನು ನೀವೇ ಗುರುತಿಸಿಕೊಳ್ಳಿ.

ಒಂದು ರೂಲ್ಡ್ ನೋಟ್‌ಬುಕ್‌ನಲ್ಲಿ ಆರು ಕಾಲಂ ಹಾಕಿ: ಶೀರ್ಷಿಕೆ, ಘಟನೆಯ ದಿನಾಂಕ, ನೆಟ್ಟ ಇಸವಿ, ನೆಟ್ಟವರು, ಸಂಖ್ಯೆ, ಮತ್ತು 'ಹೇಳದೆ ಬಿಟ್ಟದ್ದು'. ಕೊನೆಯ ಕಾಲಂಗೆ ಅರ್ಧ ಪುಟ ಬಿಡಿ. ಅದೇ ಮುಖ್ಯ.

ಏಪ್ರಿಲ್, ಮೇ ಅಥವಾ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಹಗಲು 33 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ, ನದಿಯ ತೇವ ಸೇರಿ ಮಂಗಳೂರಿನ ಮೇ ತಿಂಗಳಂತೆ ಬೆವರು. ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ 7ಕ್ಕೆ ಶುರು ಮಾಡಿ, ತಲೆಗೆ ಎರಡು ಲೀಟರ್ ನೀರು ಒಯ್ಯಿರಿ. ಮಾರ್ಟಿನ್ ಲೂಥರ್ ಕಿಂಗ್ ಹತರಾದ ಲೊರೇನ್ ಮೋಟೆಲ್‌ನ ವಸ್ತುಸಂಗ್ರಹಾಲಯ ಮಂಗಳವಾರ ಮುಚ್ಚಿರುವುದು ವಾಡಿಕೆ. ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಪ್ರವಾಸಿ ಕೈಪಿಡಿಗಳು ಹೇಳುವುದಿಲ್ಲ: ನದಿಯ ಮಟ್ಟ. ಅಮೆರಿಕದ ಹವಾಮಾನ ಇಲಾಖೆ ಮೆಂಫಿಸ್ ಮಾಪಕದ ಅಂಕಿಯನ್ನು ದಿನವೂ ಪ್ರಕಟಿಸುತ್ತದೆ. 34 ಅಡಿ ಎಂದರೆ ಪ್ರವಾಹದ ಮಟ್ಟ. 1937ರಲ್ಲಿ 48.7 ಅಡಿ ಏರಿತ್ತು, 2011ರ ಮೇನಲ್ಲಿ 48.03. 2023ರ ಅಕ್ಟೋಬರ್‌ನಲ್ಲಿ ಮೈನಸ್ 12.04ಕ್ಕೆ ಇಳಿಯಿತು. ಮೈನಸ್ ಎಂದರೆ ನದಿ ಬತ್ತಿತು ಎಂದಲ್ಲ. ಮಾಪಕದ ಸೊನ್ನೆ ನದಿಯ ತಳದಲ್ಲಿಲ್ಲ, ಯಾವತ್ತೋ ಗೊತ್ತುಮಾಡಿದ ಒಂದು ಮಟ್ಟ ಅಷ್ಟೆ. ನೀರು ಇಳಿದ ದಿನ ಹೋದರೆ ದೋಣಿಗಟ್ಟೆಯ ಕಲ್ಲುಹಾಸು ಪೂರ್ತಿ ಕಾಣುತ್ತದೆ. ಏರಿದ ದಿನ ಅರ್ಧ ನೀರಿನಡಿ.

ಫಲಕದ ಮುಂದೆ ನಿಂತಾಗ

ಕೆಳಗಿನ ಸಾಲಿನಿಂದ ಶುರು ಮಾಡಿ. ಅಲ್ಲಿ ನೆಟ್ಟ ಸಂಸ್ಥೆಯ ಹೆಸರು, ಬಹಳ ಸಲ ಇಸವಿಯೂ ಇರುತ್ತದೆ. ರಾಜ್ಯದ ಫಲಕವಾದರೆ ಟೆನ್ನೆಸ್ಸಿ ಹಿಸ್ಟಾರಿಕಲ್ ಕಮಿಷನ್ ಹೆಸರಿರುತ್ತದೆ, ಜೊತೆಗೊಂದು ಸಂಖ್ಯೆ. ಮೆಂಫಿಸ್ ಇರುವ ಶೆಲ್ಬಿ ಕೌಂಟಿಯ ರಾಜ್ಯ ಫಲಕಗಳ ಸಂಖ್ಯೆ '4ಇ' ಎಂದು ಶುರುವಾಗುತ್ತದೆ. ಕೌಂಟಿಯ ಇತಿಹಾಸ ಆಯೋಗ, ಚರ್ಚುಗಳು, ಕಪ್ಪು ಜನರ ಹಕ್ಕಿನ ಸಂಸ್ಥೆ ಎನ್‌ಎಎಸಿಪಿ, ರಾಷ್ಟ್ರೀಯ ಉದ್ಯಾನ ಸೇವೆ, ಇವರೂ ಬೇರೆಬೇರೆಯಾಗಿ ನೆಟ್ಟಿದ್ದಾರೆ. 'ಸರ್ಕಾರ ಹಾಕಿದ ಬೋರ್ಡು' ಎಂದು ಎಲ್ಲವನ್ನೂ ಒಂದೇ ತೂಕದಲ್ಲಿ ನಂಬುವುದು ಸಾಮಾನ್ಯ ತಪ್ಪು.

ಆಮೇಲೆ ಕ್ರಿಯಾಪದ ನೋಡಿ. ಇಂಗ್ಲಿಷ್ ಫಲಕಗಳಿಗೆ ಕರ್ಮಣಿ ಪ್ರಯೋಗ ಬಹಳ ಇಷ್ಟ: ಇಷ್ಟು ಜನ ಕೊಲ್ಲಲ್ಪಟ್ಟರು, ಮನೆಗಳು ಸುಡಲ್ಪಟ್ಟವು. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಆ ವಾಕ್ಯವನ್ನು ಮನಸ್ಸಿನಲ್ಲೇ ಆಡುಗನ್ನಡಕ್ಕೆ ತಿರುಗಿಸಿ ನೋಡಿ. 'ಕೊಂದರು' ಎನ್ನುತ್ತಿದ್ದಂತೆ 'ಯಾರು?' ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಫಲಕದಲ್ಲಿ ಅದಕ್ಕೆ ಉತ್ತರವಿಲ್ಲದಿದ್ದರೆ ಕೊನೆಯ ಕಾಲಂನಲ್ಲಿ ಬರೆದುಕೊಳ್ಳಿ.

'ಇಲ್ಲಿಗೆ ಸಮೀಪ' ಎಂಬ ಮಾತನ್ನೂ ಅನುಮಾನದಿಂದಲೇ ನೋಡಿ. 1541ರಲ್ಲಿ ಸ್ಪೇನಿನ ಎರ್ನಾಂಡೊ ದೆ ಸೊಟೊ ಮಿಸ್ಸಿಸ್ಸಿಪ್ಪಿ ದಾಟಿದ್ದು ನಮ್ಮೂರ ಬಳಿಯೇ ಎಂದು ಮೆಂಫಿಸ್ ಬಹಳ ಕಾಲ ಹೇಳಿಕೊಂಡಿತು. 1939ರಲ್ಲಿ ವರದಿ ಕೊಟ್ಟ ಅಮೆರಿಕ ಸರ್ಕಾರದ ಆಯೋಗ, ಅವನು ದಾಟಿದ್ದು ಇನ್ನೂ ದಕ್ಷಿಣಕ್ಕೆ, ಮಿಸ್ಸಿಸ್ಸಿಪ್ಪಿ ರಾಜ್ಯದ ಸನ್‌ಫ್ಲವರ್ ಲ್ಯಾಂಡಿಂಗ್ ಹತ್ತಿರ ಎಂದಿತು. ಆದರೂ 1973ರಲ್ಲಿ ತೆರೆದ ಸೇತುವೆಗೆ ಅವನ ಹೆಸರೇ ಬಂತು.

ಫೋಟೊ ತೆಗೆಯುವಾಗ ನಾಲ್ಕು ಚಿತ್ರ ಬೇಕು: ಮುಂಭಾಗ, ಹಿಂಭಾಗ, ಕೆಳಗಿನ ಸಾಲು ಹತ್ತಿರದಿಂದ, ಮತ್ತು ಕಂಬ ಬೀದಿಯ ಯಾವ ಕಟ್ಟಡದ ಪಕ್ಕ ಇದೆ ಎಂದು ತಿಳಿಯುವಂತೆ ದೂರದಿಂದ ಒಂದು. ಬಹಳ ಜನ ಹಿಂಭಾಗ ಮರೆಯುತ್ತಾರೆ; ಎಷ್ಟೋ ಫಲಕಗಳ ಕಥೆ ಹಿಂದೆ ಮುಂದುವರಿಯುತ್ತದೆ, ಅಥವಾ ಹಿಂದೆ ಬೇರೆ ವಿಷಯವೇ ಇರುತ್ತದೆ. ಅಕ್ಷರಗಳು ಉಬ್ಬಾಗಿ ಎರಕವಾಗಿರುವುದರಿಂದ ನಡುಮಧ್ಯಾಹ್ನದ ಬೆಳಕಿನಲ್ಲಿ ನೆರಳಿಲ್ಲದೆ ಮಂಕಾಗುತ್ತವೆ. ಬಣ್ಣ ಉದುರಿದ ಫಲಕವನ್ನೂ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಓದಬಹುದು. ಇಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಫಲಕದ ಅಂಚಿಗೆ ತಾಗಿಸಿ ಅಡ್ಡಲಾಗಿ ಹಿಡಿಯಿರಿ. ಸೀಮೆಸುಣ್ಣ ಉಜ್ಜಬೇಡಿ, ಬಣ್ಣ ಕಿತ್ತುಬರುತ್ತದೆ.

ಮೊದಲ ದಿನ: ಆಡಮ್ಸ್‌ನಿಂದ ನದಿಗೆ

ಆಡಮ್ಸ್ ಮೂಲೆಯಲ್ಲೇ ಶುರು ಮಾಡಿ. 2018ರ ಫಲಕವನ್ನು ನೆಟ್ಟವರು ಪಕ್ಕದ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚ್, ರೋಡ್ಸ್ ಕಾಲೇಜು ಮತ್ತು ರಾಷ್ಟ್ರೀಯ ಉದ್ಯಾನ ಸೇವೆ ಸೇರಿ. ದಾಖಲೆ ಹುಡುಕಿದವರು ಕಾಲೇಜಿನ ವಿದ್ಯಾರ್ಥಿಗಳು. ದಿನಾಂಕವನ್ನು ಮತ್ತೆ ನೋಡಿ: ಏಪ್ರಿಲ್ 4, ಮಾರ್ಟಿನ್ ಲೂಥರ್ ಕಿಂಗ್ ಇದೇ ಊರಿನಲ್ಲಿ ಹತರಾಗಿ ಸರಿಯಾಗಿ 50 ವರ್ಷ. ಅದಕ್ಕೆ ಮೂರೂವರೆ ತಿಂಗಳ ಹಿಂದೆ, 2017ರ ಡಿಸೆಂಬರ್ 20ರ ರಾತ್ರಿ, ಫಾರೆಸ್ಟ್‌ನ 1905ರ ಕುದುರೆಸವಾರ ಪ್ರತಿಮೆಯನ್ನು ಊರಿನಿಂದ ತೆಗೆದಿದ್ದರು. ಸ್ಮಾರಕ ತೆಗೆಯಲು ರಾಜ್ಯದ ಕಾನೂನು ಅಡ್ಡಿಯಾಗಿತ್ತು. ಆ ಕಾನೂನು ಸಾರ್ವಜನಿಕ ಆಸ್ತಿಗೆ ಮಾತ್ರ ಅನ್ವಯಿಸುತ್ತಿದ್ದರಿಂದ ನಗರಸಭೆ ಇಂಥ ಪ್ರತಿಮೆಗಳಿದ್ದ ಎರಡು ಉದ್ಯಾನಗಳನ್ನು ತಲಾ 1,000 ಡಾಲರ್‌ಗೆ ಒಂದು ಲಾಭರಹಿತ ಸಂಸ್ಥೆಗೆ ಮಾರಿತು. ಅದೇ ರಾತ್ರಿ ಕ್ರೇನು ಬಂತು.

ಅಲ್ಲಿಂದ ನೈಋತ್ಯಕ್ಕೆ ಕೆಲವೇ ನಿಮಿಷ ನಡೆದರೆ ಕೋರ್ಟ್ ಸ್ಕ್ವೇರ್. ಊರು ಹುಟ್ಟಿದ 1819ರ ನಕ್ಷೆಯಲ್ಲಿ ನಾಲ್ಕು ಚೌಕಗಳಿದ್ದವು: ಕೋರ್ಟ್, ಎಕ್ಸ್‌ಚೇಂಜ್, ಮಾರ್ಕೆಟ್, ಆಕ್ಷನ್. ಚಿಕಸಾ ಜನರಿಂದ 1818ರ ಒಪ್ಪಂದದಲ್ಲಿ ನೆಲ ಕೈಸೇರಿದ ಮರುವರ್ಷವೇ ಜಾನ್ ಓವರ್ಟನ್, ಜೇಮ್ಸ್ ವಿಂಚೆಸ್ಟರ್, ಆಂಡ್ರೂ ಜಾಕ್ಸನ್ ಮೂವರೂ ಸೈಟು ಹಾಕಿ ಮಾರಿದರು. ಒಪ್ಪಂದ ಮಾಡಿಸಿದವರಲ್ಲಿ ಜಾಕ್ಸನ್ ಕೂಡ ಒಬ್ಬ. ಮುಂದೆ ಆತ ಅಮೆರಿಕದ ಅಧ್ಯಕ್ಷನಾದ. ನೈಲ್ ದಂಡೆಯ ಈಜಿಪ್ಟಿನ ಮೆಂಫಿಸ್ ಹೆಸರನ್ನು ಈ ನದಿಯೂರಿಗೆ ಇಟ್ಟರು.

ಈಗ ಫ್ರಂಟ್ ಸ್ಟ್ರೀಟ್‌ಗೆ ಬನ್ನಿ. ನೀವು ನಿಂತಿರುವುದು ನಾಲ್ಕನೆಯ ಚಿಕಸಾ ಬ್ಲಫ್ ಎಂಬ ಎತ್ತರದ ದಂಡೆಯ ಮೇಲೆ. ಊರು ಇಲ್ಲಿ ನಿಂತದ್ದಕ್ಕೆ ಈ ಎತ್ತರವೇ ಕಾರಣ; ಎದುರಿನ ಅರ್ಕನ್ಸಾ ದಡ ತಗ್ಗು, ನೆರೆ ಬಂದರೆ ಮೈಲಿಗಟ್ಟಲೆ ನೀರು. 1862ರ ಜೂನ್ 6ರ ಬೆಳಿಗ್ಗೆ ಊರಿನವರು ಇದೇ ದಿಬ್ಬದ ಮೇಲೆ ನಿಂತು ಕೆಳಗೆ ಯುದ್ಧನೌಕೆಗಳ ಕಾದಾಟ ನೋಡಿದರು. ಎರಡು ಗಂಟೆಯೊಳಗೆ ದಕ್ಷಿಣದ ಪಡೆ ಸೋತು, ಊರು ಉತ್ತರದ ಸೇನೆಯ ಕೈಗೆ ಹೋಯಿತು. ಅಷ್ಟು ಬೇಗ ಸೋತದ್ದರಿಂದಲೇ ಕಟ್ಟಡಗಳು ಉಳಿದವು. ಯೂನಿಯನ್ ಅವೆನ್ಯೂ ಮೂಲೆಯಲ್ಲಿ ಕಾಟನ್ ಎಕ್ಸ್‌ಚೇಂಜ್ ಇದೆ. ಸಂಸ್ಥೆ 1874ರದು, ಒಳಗೆ ಈಗ ಹತ್ತಿಯ ವಸ್ತುಸಂಗ್ರಹಾಲಯ. ಹತ್ತಿ ವ್ಯಾಪಾರಿಗಳ ಹೆಸರು ಎಷ್ಟು ಫಲಕಗಳಲ್ಲಿದೆ, ಹತ್ತಿ ಬಿಡಿಸಿದವರ ಹೆಸರು ಎಷ್ಟರಲ್ಲಿದೆ ಎಂದು ಈ ಬೀದಿಯಲ್ಲಿ ಎಣಿಸಿ ನೋಡಿ.

ಇಳಿಜಾರಿನಲ್ಲಿ ಕೆಳಗೆ ಇಳಿದರೆ ಕಲ್ಲುಹಾಸಿನ ದೋಣಿಗಟ್ಟೆ. 1859ರಿಂದ ಹಾಸಿದ ಈ ಕಲ್ಲುಗಳ ನಡುವೆ ದೋಣಿ ಕಟ್ಟುವ ಕಬ್ಬಿಣದ ಬಳೆಗಳು ಇನ್ನೂ ಇವೆ. ಕಲ್ಲು ಒಂದೊಂದೂ ಒಂದೊಂದು ಎತ್ತರ, ಪಾಚಿ ಬೇರೆ; ಚಪ್ಪಲಿ ಹಾಕಿ ಇಳಿಯಬೇಡಿ. ಹಿರಿಯರು ಮೇಲಿನ ಕಾಲುದಾರಿಯಲ್ಲೇ ಇದ್ದರೆ ಒಳ್ಳೆಯದು.

ಇಲ್ಲಿ ನಿಂತು ಸುಲ್ತಾನಾ ಹಡಗಿನ ಬಗ್ಗೆ ಓದಿ. 1865ರ ಏಪ್ರಿಲ್ 26ರ ಸಂಜೆ ಆ ಉಗಿಹಡಗು ಮೆಂಫಿಸ್‌ನಲ್ಲಿ ನಿಂತು ಸರಕು ಇಳಿಸಿತು. ಪರವಾನಗಿ ಇದ್ದದ್ದು 376 ಜನಕ್ಕೆ. ಮೇಲಿದ್ದವರು 2,000ಕ್ಕೂ ಹೆಚ್ಚು, ಹೆಚ್ಚಿನವರು ದಕ್ಷಿಣದ ಸೆರೆಮನೆಗಳಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ಬಾಯ್ಲರ್‌ಗೆ ವಿಕ್ಸ್‌ಬರ್ಗ್‌ನಲ್ಲಿ ಅವಸರದ ತೇಪೆ ಹಾಕಿದ್ದರು. 27ರ ನಸುಕಿನಲ್ಲಿ, ಊರಿನಿಂದ ಕೆಲವು ಮೈಲಿ ಮೇಲೆ, ಬಾಯ್ಲರ್ ಸಿಡಿಯಿತು. ಸತ್ತವರ ಸಂಖ್ಯೆ ಒಂದೊಂದು ಕಡೆ ಒಂದೊಂದು, ಸುಮಾರು 1,100ರಿಂದ 1,800ರವರೆಗೆ. ಇದು ಫಲಕದ ಅಚ್ಚಿನ ತಪ್ಪಲ್ಲ. ಹತ್ತಿದವರ ಪಟ್ಟಿಯೇ ಸರಿಯಿಲ್ಲದಿದ್ದರೆ ಕಳೆಯುವ ಲೆಕ್ಕ ಸರಿಯಾಗುವುದು ಹೇಗೆ? ಇಂಥ ಕಡೆ ಸಂಖ್ಯೆಯ ಜೊತೆ ಅದು ಯಾವ ಪಟ್ಟಿಯದು ಎಂದೂ ಬರೆದುಕೊಳ್ಳಿ. ಹಡಗಿನ ಅವಶೇಷ ಈಗ ಅರ್ಕನ್ಸಾದ ಒಂದು ಹೊಲದಡಿ ಇದೆ ಎಂದು ನಂಬಲಾಗಿದೆ. ನದಿಯೇ ಪಕ್ಕಕ್ಕೆ ಸರಿದಿದೆ. ಮಿಸ್ಸಿಸ್ಸಿಪ್ಪಿಯ ದಂಡೆಯಲ್ಲಿ 'ಇಲ್ಲಿ ಮುಳುಗಿತು' ಎಂಬ ಮಾತಿಗೆ ಅಷ್ಟೇ ಬೆಲೆ.

ಟಾಮ್ ಲೀ: ಒಬ್ಬನಿಗೆ ಎರಡು ಸ್ಮಾರಕ

ದಂಡೆಯಲ್ಲೇ ದಕ್ಷಿಣಕ್ಕೆ ನಡೆದರೆ ಟಾಮ್ ಲೀ ಪಾರ್ಕ್. ಇಲ್ಲಿ ಕನಿಷ್ಠ ಮುಕ್ಕಾಲು ಗಂಟೆ ಇಡಿ.

1925ರ ಮೇ 8ರಂದು ಎಂ.ಇ. ನಾರ್ಮನ್ ಎಂಬ ಹಡಗು ಎಂಜಿನಿಯರುಗಳನ್ನೂ ಅವರ ಮನೆಯವರನ್ನೂ ಹತ್ತಿಸಿಕೊಂಡು ಹೋಗಿ, ಊರಿನಿಂದ ಸುಮಾರು 20 ಮೈಲಿ ಕೆಳಗೆ ಮಗುಚಿತು. ಹತ್ತಿರದಲ್ಲಿ ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗುತ್ತಿದ್ದ ಕಪ್ಪು ಕೂಲಿಗಾರ ಟಾಮ್ ಲೀ ದೋಣಿ ತಿರುಗಿಸಿ, ದಡಕ್ಕೂ ನೀರಿಗೂ ಮತ್ತೆ ಮತ್ತೆ ಓಡಾಡಿ, 32 ಜನರನ್ನು ಎತ್ತಿ ತಂದ. ಅವನಿಗೆ ಈಜು ಬರುತ್ತಿರಲಿಲ್ಲ. ಊರು ಅವನಿಗೆ ಮನೆ ಕೊಡಿಸಿತು, ಪೌರಕಾರ್ಮಿಕನ ಕೆಲಸ ಕೊಟ್ಟಿತು. ಆತ 1952ರಲ್ಲಿ ತೀರಿಕೊಂಡ.

ಪಾರ್ಕಿನಲ್ಲಿ ಎರಡು ಸ್ಮಾರಕಗಳಿವೆ. ಮೊದಲು 1954ರ ಕಲ್ಲಿನ ಸ್ತಂಭಕ್ಕೆ ಹೋಗಿ. ಅದರ ಮೇಲೆ ಅವನನ್ನು 'ಬಹಳ ಯೋಗ್ಯನಾದ ನೀಗ್ರೋ' ಎಂದು ಕೆತ್ತಿದ್ದಾರೆ. ಹೊಗಳಿಕೆ ನಿಜವಾದದ್ದೇ, ಅದನ್ನು ಬರೆಸಿದವರಿಗೆ ಅವನ ಮೇಲೆ ಗೌರವವೂ ಇತ್ತು. ಆದರೂ ಪ್ರಾಣ ಉಳಿಸಿದ ಮನುಷ್ಯನ ಯೋಗ್ಯತೆಯನ್ನು ಅವನ ಬಣ್ಣದ ಜೊತೆ ಕಟ್ಟಿ ಅಳೆಯದೆ ಆ ಕಾಲಕ್ಕೆ ಹೊಗಳಲು ಬರಲಿಲ್ಲ. ಆಮೇಲೆ 2006ರ ಕಂಚಿನ ಶಿಲ್ಪಕ್ಕೆ ಬನ್ನಿ. ಅಲ್ಲಿ ಟಾಮ್ ಲೀ ದೋಣಿಯಿಂದ ಬಾಗಿ ನೀರಿನಲ್ಲಿರುವವನ ಕಡೆ ಕೈ ಚಾಚಿದ್ದಾನೆ; ಕಣ್ಣು ಮೊದಲು ಹೋಗುವುದು ಆ ಕೈಗೆ. ಈ ಕ್ರಮ ತಪ್ಪಿಸಬೇಡಿ. ಮೊದಲು ಶಿಲ್ಪ ನೋಡಿ ಆಮೇಲೆ ಸ್ತಂಭಕ್ಕೆ ಹೋದರೆ ಆ ಕೆತ್ತನೆ ಬರೀ ಮುಜುಗರ ಎನಿಸುತ್ತದೆ. ಸ್ತಂಭದಿಂದ ಶಿಲ್ಪಕ್ಕೆ ಬಂದರೆ ಐವತ್ತು ವರ್ಷದಲ್ಲಿ ಊರು ನಡೆದ ದೂರ ಕಾಣುತ್ತದೆ. ಪಾರ್ಕ್ 2023ರಲ್ಲಿ ಹೊಸ ವಿನ್ಯಾಸದೊಂದಿಗೆ ಮತ್ತೆ ತೆರೆದಿದೆ, ಆದ್ದರಿಂದ ಹಳೆಯ ಫೋಟೊಗಳಲ್ಲಿರುವ ದಾರಿಗಳನ್ನು ನೆಚ್ಚಬೇಡಿ.

ಬೀಲ್ ಸ್ಟ್ರೀಟ್, ಲೊರೇನ್, ಆರ್ಮಿ ಪಾರ್ಕ್

ಬೀಲ್ ಸ್ಟ್ರೀಟ್‌ನ ಮೊದಲ ಮೂರು ಬ್ಲಾಕು ಸಂಗೀತ ಮತ್ತು ಬಾರುಗಳದು. ಕಾಲುದಾರಿಯಲ್ಲಿ ಹಿತ್ತಾಳೆಯ ಸ್ವರಚಿಹ್ನೆಗಳಲ್ಲಿ ಕಲಾವಿದರ ಹೆಸರುಗಳಿವೆ. ಚೆನ್ನಾಗಿವೆ, ಆದರೆ ಅವು ಗೌರವದ ಗುರುತುಗಳು, ಚರಿತ್ರೆಯ ಫಲಕಗಳಲ್ಲ. ಅವನ್ನೇ ಓದುತ್ತಾ ನಿಂತರೆ ಫೋರ್ತ್ ಸ್ಟ್ರೀಟ್ ತಲುಪುವಾಗ ಕಾಲು ಸೋತಿರುತ್ತದೆ, ಮುಖ್ಯವಾದದ್ದು ಅಲ್ಲಿಂದಾಚೆಗೇ ಇದೆ. ಮೊದಲು ಚರ್ಚ್ ಪಾರ್ಕ್. ಇದು ರಾಬರ್ಟ್ ಚರ್ಚ್ ಎಂಬವರ ಹೆಸರು, ಪ್ರಾರ್ಥನಾ ಮಂದಿರದ್ದಲ್ಲ. ಗುಲಾಮಗಿರಿಯಲ್ಲಿ ಹುಟ್ಟಿ, 1866ರಲ್ಲಿ ಕಪ್ಪು ಜನರ ಮೇಲೆ ನಡೆದ ಹಿಂಸೆಯಲ್ಲಿ (ಅದರ ಕಥೆ ಮುಂದೆ ಬರುತ್ತದೆ) ಗುಂಡೇಟು ತಿಂದು ಬದುಕಿ, ಹಳದಿ ಜ್ವರಕ್ಕೆ ಹೆದರಿ ಊರು ಬಿಟ್ಟು ಜನ ಓಡುವಾಗ ನೆಲ ಕೊಂಡು ಶ್ರೀಮಂತರಾದವರು. ಊರಿನ ಉದ್ಯಾನಗಳಿಗೆ ಕಪ್ಪು ಜನರನ್ನು ಬಿಡದಿದ್ದ ಕಾಲದಲ್ಲಿ, 1899ರಲ್ಲಿ, ತಮ್ಮ ದುಡ್ಡಿನಲ್ಲಿ ಅವರಿಗಾಗಿ ಪಾರ್ಕನ್ನೂ ಸಭಾಂಗಣವನ್ನೂ ಕಟ್ಟಿಸಿದರು. ಪಕ್ಕದಲ್ಲೇ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್, ಎದುರಿಗೆ 2021ರಲ್ಲಿ ನಿಂತ ಐಡಾ ಬಿ. ವೆಲ್ಸ್ ಪ್ರತಿಮೆ. ಆ ಪತ್ರಕರ್ತೆಯ ಕಥೆ ಕಾರಿನ ದಿನಕ್ಕೆ ಇರಲಿ.

ಅಲ್ಲಿಂದ ದಕ್ಷಿಣಕ್ಕೆ ಹರ್ನಾಂಡೊ ಸ್ಟ್ರೀಟ್‌ನಲ್ಲಿ ಕ್ಲೇಬಾರ್ನ್ ಟೆಂಪಲ್ ಎಂಬ ಹಳೆಯ ಚರ್ಚು. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದೊಳಗೆ ನಿಂತಿದ್ದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್, ಕಸ ಅದುಮುವ ಯಂತ್ರ ತಾನಾಗಿ ಚಾಲೂ ಆಗಿ ಸತ್ತರು. ಫೆಬ್ರವರಿ 12ರಿಂದ ಸುಮಾರು 1,300 ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರು ಸೇರುತ್ತಿದ್ದದ್ದು, ಮೆರವಣಿಗೆ ಹೊರಡುತ್ತಿದ್ದದ್ದು ಈ ಕಟ್ಟಡದಿಂದ. 'ನಾನು ಮನುಷ್ಯ' ಎಂಬ ಅವರ ಘೋಷಣೆಯ ಹೆಸರಿನ ಚೌಕ 2018ರಲ್ಲಿ ಪಕ್ಕದಲ್ಲೇ ಆಯಿತು. ಕಟ್ಟಡ 2025ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ಬಹುಪಾಲು ಹಾಳಾಗಿದೆ. ಬೇಲಿ ದಾಟಬೇಡಿ, ಚೌಕದಿಂದಲೇ ನೋಡಿ.

ಹತ್ತು ಹದಿನೈದು ನಿಮಿಷ ನಡೆದರೆ ಮಲ್ಬೆರಿ ಸ್ಟ್ರೀಟ್‌ನ ಲೊರೇನ್ ಮೋಟೆಲ್. 306ನೇ ಕೋಣೆಯ ಮುಂದಿನ ಮೊಗಸಾಲೆಯಲ್ಲಿ, ಕಿಂಗ್ ಬಿದ್ದ ಜಾಗದಲ್ಲಿ, ಹೂವಿನ ಚಕ್ರವಿದೆ. ಕೆಳಗಿನ ಕಲ್ಲಿನಲ್ಲಿ ಬೈಬಲ್ಲಿನ ಆದಿಕಾಂಡದ ಸಾಲು: ಜೋಸೆಫನ ಅಣ್ಣಂದಿರು 'ಅಗೋ ಕನಸುಗಾರ ಬರುತ್ತಿದ್ದಾನೆ, ಅವನನ್ನು ಕೊಲ್ಲೋಣ, ಅವನ ಕನಸು ಏನಾಗುವುದೋ ನೋಡೋಣ' ಎನ್ನುವ ಭಾಗ. ಅಂಗಳಕ್ಕೆ ಟಿಕೆಟ್ ಬೇಕಿಲ್ಲ. ಒಳಗಿನ ವಸ್ತುಸಂಗ್ರಹಾಲಯ 1991ರದು, ಮೂರು ಗಂಟೆ ಬೇಕು. ಈ ನಡಿಗೆಯ ನಡುವೆ ತುರುಕದೆ ಬೇರೆ ದಿನ ಇಟ್ಟುಕೊಳ್ಳಿ.

ಬಂದವರಲ್ಲಿ ಹೆಚ್ಚಿನವರು ಅಲ್ಲಿಂದ ಹಿಂತಿರುಗುತ್ತಾರೆ. ನೀವು ಇನ್ನೆರಡು ಬ್ಲಾಕು ನಡೆಯಿರಿ. ಸೌತ್ ಸೆಕೆಂಡ್ ಮತ್ತು ಜಿ.ಇ. ಪ್ಯಾಟರ್‌ಸನ್ ಮೂಲೆಯಲ್ಲಿ ಆರ್ಮಿ ಪಾರ್ಕ್ ಎಂಬ ಸಣ್ಣ ಹಸಿರು ತುಂಡು ಇದೆ, ಅಲ್ಲೊಂದು ಫಲಕ. 1866ರ ಏಪ್ರಿಲ್ 30ರಂದು ಪಿಕರಿಂಗ್ ಕೋಟೆಯ ಕಪ್ಪು ಸೈನಿಕರನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಮರುದಿನದಿಂದ ಮೂರು ದಿನ ಬಿಳಿಯರ ಗುಂಪುಗಳು, ಪೊಲೀಸರನ್ನೂ ಸೇರಿಸಿಕೊಂಡು, ಈ ಸುತ್ತಿನ ಕಪ್ಪು ಜನರ ಮೇಲೆ ಬಿದ್ದವು. 46 ಕಪ್ಪು ಜನ ಸತ್ತರು. 91 ಮನೆ, 4 ಚರ್ಚು ಮತ್ತು ಶಾಲೆಗಳು ಸುಟ್ಟವು. ಸಂಸತ್ತಿನ ಸಮಿತಿ ಊರಿಗೇ ಬಂದು ಸಾಕ್ಷ್ಯ ತೆಗೆದುಕೊಂಡಿತು. ಅಮೆರಿಕದಲ್ಲಿ ಹುಟ್ಟಿದ ಕಪ್ಪು ಜನರಿಗೂ ಸಮಾನ ಪೌರತ್ವ ಕೊಟ್ಟ ಸಂವಿಧಾನದ 14ನೇ ತಿದ್ದುಪಡಿಯ ಹಿಂದಿನ ಒತ್ತಡಗಳಲ್ಲಿ ಈ ವರದಿಯೂ ಒಂದು. ಇಷ್ಟು ದೊಡ್ಡ ಘಟನೆಗೆ ಫಲಕ ಬಂದದ್ದು 2016ರಲ್ಲಿ, 150 ವರ್ಷ ಕಳೆದ ಮೇಲೆ. ಅದೂ ಒಂದು ಪದದ ಜಗಳದ ನಂತರ: 'ಜನಾಂಗೀಯ ಗಲಭೆ' ಎನ್ನಬೇಕೋ 'ಹತ್ಯಾಕಾಂಡ' ಎನ್ನಬೇಕೋ? ರಾಜ್ಯದ ಆಯೋಗದೊಂದಿಗೆ ಒಮ್ಮತ ಬರಲಿಲ್ಲ. ಎನ್‌ಎಎಸಿಪಿ ಮತ್ತು ರಾಷ್ಟ್ರೀಯ ಉದ್ಯಾನ ಸೇವೆ ಸೇರಿ ಹತ್ಯಾಕಾಂಡ ಎಂದೇ ಬರೆದು ನೆಟ್ಟವು. ಗಲಭೆ ಎಂದರೆ ಎರಡು ಕಡೆಯಿಂದಲೂ ಹೊಡೆದಾಟ. ಇಲ್ಲಿ ಸತ್ತ ಕಪ್ಪು ಜನ 46, ಬಿಳಿಯರು ಇಬ್ಬರು. ಸರಿಯಾದ ಪದ ಯಾವುದೆಂದು ಲೆಕ್ಕವೇ ಹೇಳುತ್ತದೆ.

ಎರಡನೆಯ ಅರ್ಧ ದಿನ: ಕಾರಿನಲ್ಲಿ

ಮೊದಲು ಎಲ್ಮ್‌ವುಡ್ ಸ್ಮಶಾನ, ಸೌತ್ ಡಡ್ಲಿ ಸ್ಟ್ರೀಟ್. 1852ರದು. ರೈಲು ಹಳಿಯ ಮೇಲಿನ ಕಿರಿದಾದ ಸೇತುವೆ ದಾಟಿ ಒಳಗೆ ಹೋಗಬೇಕು. ಎದುರಿನಿಂದ ಗಾಡಿ ಬರುತ್ತಿದ್ದರೆ ನಿಂತುಬಿಡಿ. ಕಚೇರಿಯಲ್ಲಿ ನಕ್ಷೆ ಕೇಳಿ, ಇಲ್ಲದೆ ಅಲೆದರೆ ಏನೂ ಸಿಗುವುದಿಲ್ಲ. ನೀವು ಹುಡುಕಬೇಕಾದದ್ದು 'ನೋ ಮ್ಯಾನ್ಸ್ ಲ್ಯಾಂಡ್' ಎಂಬ ಬಯಲು. 1870ರ ದಶಕದ ಹಳದಿ ಜ್ವರದಲ್ಲಿ ಸತ್ತ ಸಾವಿರಕ್ಕೂ ಹೆಚ್ಚು ಜನರನ್ನು ಹೆಸರುಗಲ್ಲಿಲ್ಲದೆ ಹೂಳಿದ ನೆಲ.

1878ರ ಆಗಸ್ಟ್ 13ರಂದು ನದಿಯ ಬಳಿ ತಿಂಡಿ ಅಂಗಡಿ ಇಟ್ಟಿದ್ದ ಕೇಟ್ ಬಯೊಂಡಾ ಎಂಬಾಕೆ ತೀರಿಕೊಂಡಳು. ಆ ವರ್ಷ ಊರಿನಲ್ಲಿ ದಾಖಲಾದ ಮೊದಲ ಸಾವು ಅದು. ಕೆಲವೇ ದಿನಗಳಲ್ಲಿ ಸುಮಾರು 25,000 ಜನ ಊರು ಬಿಟ್ಟರು. ಉಳಿದವರಲ್ಲಿ 5,000ಕ್ಕೂ ಹೆಚ್ಚು ಮಂದಿ ಸತ್ತರು. ಹಿಮ ಬಿದ್ದ ಮೇಲೆ ರೋಗ ನಿಂತಿತು. ಏಕೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಹರಡಿದ್ದು ಈಡಿಸ್ ಈಜಿಪ್ಟಿ ಸೊಳ್ಳೆ, ನಮ್ಮ ಊರುಗಳಲ್ಲಿ ಇಂದಿಗೂ ಡೆಂಗಿ ಹರಡುವ ಅದೇ ಸೊಳ್ಳೆ. ಮನೆಮನೆಯ ಮಳೆನೀರಿನ ತೊಟ್ಟಿಗಳಲ್ಲಿ ಅದು ಬೆಳೆಯಿತು. ತಮ್ಮ ವೇಶ್ಯಾಗೃಹವನ್ನು ಮುಚ್ಚಿ ರೋಗಿಗಳಿಗೆ ಬಿಟ್ಟುಕೊಟ್ಟು, ಆರೈಕೆ ಮಾಡುತ್ತಲೇ ಸತ್ತ ಆನಿ ಕುಕ್ ಮತ್ತು ಊರು ಬಿಡದೆ ಸತ್ತ ಸಿಸ್ಟರ್ ಕಾನ್‌ಸ್ಟನ್ಸ್ ಇಬ್ಬರ ಸಮಾಧಿಯೂ ಇಲ್ಲೇ ಇವೆ. ದಿವಾಳಿಯಾದ ಊರು 1879ರಲ್ಲಿ ನಗರದ ಸನ್ನದನ್ನೇ ಕಳೆದುಕೊಂಡು 1893ರಲ್ಲಿ ಮರಳಿ ಪಡೆಯಿತು. ಅದರ ಋಣಪತ್ರಗಳಲ್ಲಿ ಮೊದಲನೆಯದನ್ನು 1,000 ಡಾಲರ್ ಕೊಟ್ಟು ಕೊಂಡವರು ಅದೇ ರಾಬರ್ಟ್ ಚರ್ಚ್ ಎಂದು ಊರು ಹೇಳಿಕೊಳ್ಳುತ್ತದೆ. 1880ರಿಂದ ಒಳಚರಂಡಿ, 1887ರಲ್ಲಿ ಭೂಗರ್ಭದ ಶುದ್ಧ ನೀರು ಬಂದವು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಮಿಸ್ಸಿಸ್ಸಿಪ್ಪಿ ಬುಲೆವಾರ್ಡ್ ಮತ್ತು ವಾಕರ್ ಅವೆನ್ಯೂ ಕೂಡುವಲ್ಲಿ 'ಪೀಪಲ್ಸ್ ಗ್ರೋಸರಿ' ಫಲಕ. ಟ್ರಾಮ್ ಹಳಿ ತಿರುಗುತ್ತಿದ್ದ ಈ ಜಾಗವನ್ನು 'ದಿ ಕರ್ವ್' ಎನ್ನುತ್ತಿದ್ದರು. ಕಪ್ಪು ಜನ ಸೇರಿ ನಡೆಸುತ್ತಿದ್ದ ಕಿರಾಣಿ ಅಂಗಡಿ, ಎದುರಿನ ಬಿಳಿಯ ವ್ಯಾಪಾರಿಗೆ ಪೈಪೋಟಿ. ಜಗಳ ಹುಟ್ಟಿಸಿ, ಜೈಲಿಗೆ ಹಾಕಿ, 1892ರ ಮಾರ್ಚ್ 9ರ ನಸುಕಿನಲ್ಲಿ ಥಾಮಸ್ ಮಾಸ್, ಕ್ಯಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟೂವರ್ಟ್ ಮೂವರನ್ನೂ ಜೈಲಿನಿಂದ ಎಳೆದೊಯ್ದು ಗುಂಡಿಟ್ಟರು. ಮಾಸ್ ಅಂಚೆಯವರು, ಐಡಾ ಬಿ. ವೆಲ್ಸ್ ಅವರ ಸ್ನೇಹಿತರು. ಅಲ್ಲಿಂದಾಚೆ ವೆಲ್ಸ್ ಬರೆದದ್ದಕ್ಕೆ ಅದೇ ಮೇನಲ್ಲಿ ಅವರ ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಿದರು. ಅವರು ಬೇರೆ ಊರಿನಲ್ಲಿದ್ದದ್ದರಿಂದ ಬದುಕಿದರು. ವಾಹನ ಓಡಾಟದ ಕೂಡುರಸ್ತೆ ಇದು. ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದು ಬನ್ನಿ.

ಸಮಯ ಉಳಿದರೆ ನದಿಯ ಕಡೆ ತಿರುಗಿ ಚಿಕಸಾ ಹೆರಿಟೇಜ್ ಪಾರ್ಕಿಗೆ ಹೋಗಿ. ಯುರೋಪಿಯನ್ನರು ಬರುವ ಮೊದಲಿನ ಮಣ್ಣಿನ ದಿಬ್ಬಗಳು ಅಲ್ಲಿವೆ. ಅದರಲ್ಲಿ ಒಂದನ್ನು ಅಂತರ್ಯುದ್ಧದಲ್ಲಿ ಒಳಗೆ ಕೊರೆದು ಮದ್ದಿನ ಮನೆ ಮಾಡಿದರು. ದಿಬ್ಬ ಹತ್ತಬೇಡಿ.

ಮನೆಗೆ ಬಂದ ಮೇಲೆ

ಅದೇ ರಾತ್ರಿ ಫೋಟೊ ನೋಡಿ ಪಠ್ಯವನ್ನು ಅಕ್ಷರಶಃ ನಕಲು ಮಾಡಿ, ತಪ್ಪು ಕಾಗುಣಿತವನ್ನೂ ಹಾಗೆಯೇ ಇಡಿ. ನಾಳೆಗೆ ಬಿಟ್ಟರೆ ಯಾವ ಹಿಂಭಾಗ ಯಾವ ಮುಂಭಾಗದ್ದು ಎಂದು ಗೊಂದಲವಾಗುತ್ತದೆ.

ಆಮೇಲೆ ಪ್ರತಿ ಫಲಕದಿಂದ ಒಂದೇ ಒಂದು ಹೇಳಿಕೆ ಆರಿಸಿ ಪರೀಕ್ಷಿಸಿ. ಎಲ್ಲವನ್ನೂ ಪರೀಕ್ಷಿಸಲು ಹೊರಟರೆ ಮೂರನೆಯದಕ್ಕೇ ಕೈಬಿಡುತ್ತೀರಿ. ಸಾವಿನ ದಿನಾಂಕವಾದರೆ ಶೆಲ್ಬಿ ಕೌಂಟಿಯ ನೋಂದಣಿ ಕಚೇರಿಯ ಜಾಲತಾಣದಲ್ಲಿ 1848ರಿಂದಿನ ಮರಣ ದಾಖಲೆಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಹೆಸರಿನ ಕಾಗುಣಿತ ಬದಲಾಗುತ್ತಿರುತ್ತದೆ, ಮೂರು ನಾಲ್ಕು ಥರ ಹುಡುಕಿ. ಆ ಕಾಲದ 'ಮೆಂಫಿಸ್ ಡೈಲಿ ಅಪೀಲ್' ಪತ್ರಿಕೆ ಅಮೆರಿಕದ ಸಂಸತ್ ಗ್ರಂಥಾಲಯದ ಅಂತರ್ಜಾಲ ಸಂಗ್ರಹದಲ್ಲಿದೆ. ಪತ್ರಿಕೆಗಳೂ ಪಕ್ಷ ವಹಿಸಿದ್ದವು ಎಂಬುದು ನೆನಪಿರಲಿ. 1866ರ ಬಗ್ಗೆ ಪತ್ರಿಕೆಯನ್ನೂ ಸಂಸತ್ ಸಮಿತಿಯ ಸಾಕ್ಷ್ಯವನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ನಕ್ಷೆ, ಹಳೆಯ ಫೋಟೊ, ವಿಳಾಸ ಪುಸ್ತಕಗಳಿಗೆ ಪಾಪ್ಲರ್ ಅವೆನ್ಯೂದ ಬೆಂಜಮಿನ್ ಹುಕ್ಸ್ ಕೇಂದ್ರ ಗ್ರಂಥಾಲಯದ 'ಮೆಂಫಿಸ್ ರೂಮ್'ಗೆ ಹೋಗಿ. 'ಇತಿಹಾಸ ಬೇಕು' ಎಂದು ಕೇಳಿದರೆ ಅಲ್ಲಿನವರೂ ಏನು ಕೊಟ್ಟಾರು? ಬೀದಿಯ ಹೆಸರು, ಇಸವಿ, ಒಬ್ಬರ ಹೆಸರು, ಇಷ್ಟು ಬರೆದುಕೊಂಡು ಹೋಗಿ ಕೇಳಿ.

ಫಲಕ ಮುರಿದಿದ್ದರೆ ಅಥವಾ ಕಂಬ ಇದ್ದು ಹಲಗೆ ಇಲ್ಲದಿದ್ದರೆ ಕೆಳಗಿನ ಸಾಲಿನಲ್ಲಿರುವ ಸಂಸ್ಥೆಗೆ ಫೋಟೊ ಸಮೇತ ತಿಳಿಸಿ. ಹಲಗೆಯೇ ಇಲ್ಲದಿದ್ದರೆ ಡೇಟಾಬೇಸಿನ ಹಳೆಯ ಚಿತ್ರದಿಂದ ಸಂಖ್ಯೆ ತೆಗೆದು ಕೊಡಿ. ನಿಮ್ಮ ಆರನೆಯ ಕಾಲಂ ತುಂಬಿದ್ದರೆ ಆ ಪುಟದ ಫೋಟೊ ಒಂದನ್ನು ಬೇರೆ ಕಡೆಯೂ ಉಳಿಸಿಡಿ. ಆಡಮ್ಸ್ ಮೂಲೆಯ 2018ರ ಫಲಕ ಶುರುವಾದದ್ದು, 1955ರ ಹಲಗೆ ಹೇಳದೆ ಬಿಟ್ಟದ್ದು ಏನು ಎಂದು ಕೇಳಿಕೊಂಡವರಿಂದ.